ನಾನು ಹೋಗದ ಮೂರನೆಯ ಭೇಟಿ

ನಾನು ಗುಜರಾತಿಯಲ್ಲಿ ಕಲಿತ ಮೊದಲ ಪೂರ್ತಿ ವಾಕ್ಯ ‘ಪಾಣಿ ಕ್ಯಾರೆ ಆವಶೆ?’ ಎಂಬುದು. ನೀರು ಯಾವಾಗ ಬರುತ್ತದೆ ಎಂದು. ಮದುವೆಯಾಗಿ ಗದಗದಿಂದ ವಡೋದರಕ್ಕೆ ಬಂದಾಗ ನಮ್ಮವರಿಗೆ ರೈಲ್ವೆಯಲ್ಲಿ ಗಾರ್ಡ್ ಕೆಲಸ. ಮಂಜಲ್‌ಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆವು. ನಮ್ಮ ಹಿಂದಿನ ಗೋಡೆಯ ಆಚೆಗೇ ನವಾವಾಸ ಎಂಬ ಗುಡಿಸಲುಗಳ ಕೇರಿ. ಬೇಸಿಗೆಯಲ್ಲಿ ನಮ್ಮ ನಲ್ಲಿ ಒಣಗಿದಾಗ ನಾನೂ ಕೊಡ ಹಿಡಿದು ಅವರ ಸಾಲಿನಲ್ಲಿ ನಿಲ್ಲುತ್ತಿದ್ದೆ. ನನಗೆ ಹಿಂದಿಯಲ್ಲಿ ಅರ್ಜಿ ಬರೆಯಲು ಬರುತ್ತದೆಂದು ಆ ಹೆಂಗಸರಿಗೆ ತಿಳಿದ ದಿನದಿಂದ ನನ್ನ ಕೊಡ ತಾನಾಗಿ ಸಾಲಿನ ಮುಂದಕ್ಕೆ ಹೋಗತೊಡಗಿತು. ನನ್ನ ಸಾರ್ವಜನಿಕ ಜೀವನ ಶುರುವಾದದ್ದು ಹಾಗೆ. ಅದರಲ್ಲಿ ಸೇವಾಭಾವ ಎಷ್ಟಿತ್ತು, ನೀರಿನ ಆಸೆ ಎಷ್ಟಿತ್ತು ಎಂದು ಈಗ ಬೇರೆ ಮಾಡಿ ಹೇಳಲಾರೆ.

ಮುಂದೆ ಒಂದು ಸಂಸ್ಥೆಯಲ್ಲಿ ಸಮುದಾಯ ಸಂಘಟಕಿಯಾಗಿ ಸೇರಿದೆ. ಹನ್ನೊಂದು ವರ್ಷ ಆ ಕೆಲಸ ಮಾಡಿದೆ, ಆಮೇಲೆ ಐದು ವರ್ಷ ಕಾರ್ಪೊರೇಟರ್ ಆಗಿದ್ದೆ. ವಾರ್ಡಿನ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹೆಣ್ಣುಮಕ್ಕಳು ಮನೆಗೆ ಬಂದು ಆ ಐದು ವರ್ಷಗಳ ಬಗ್ಗೆಯೇ ಕೇಳುತ್ತಾರೆ. ಹೇಳಬೇಕಾದದ್ದು ಮಾತ್ರ ಅದಕ್ಕೂ ಹಿಂದಿನ ಒಂದು ಮಧ್ಯಾಹ್ನದ ಸಂಗತಿ.

ನವಾವಾಸವನ್ನು ತೆರವು ಮಾಡಿ ಅಲ್ಲಿಯವರಿಗೆ ಪಕ್ಕದಲ್ಲೇ ಫ್ಲ್ಯಾಟ್ ಕಟ್ಟಿಕೊಡುವ ಯೋಜನೆ ಬಂದಾಗ ಮನೆ ಮನೆಯ ಸಮೀಕ್ಷೆ ನಮ್ಮ ಸಂಸ್ಥೆಯ ಪಾಲಿಗೆ ಬಂತು. ಈಗ ಫೋನಿನಲ್ಲಿ ಬಾಗಿಲಿನ ಫೋಟೊ ತೆಗೆಯದಿದ್ದರೆ ಫಾರ್ಮ್ ಮುಂದಕ್ಕೇ ಹೋಗುವುದಿಲ್ಲ, ಜಾಗ ಮತ್ತು ಹೊತ್ತು ತಾವಾಗಿ ದಾಖಲಾಗುತ್ತವೆ. ಆಗ ನಮ್ಮ ಬಳಿ ಇದ್ದದ್ದು ಸೀಮೆಸುಣ್ಣ, ಕಾಗದ, ಪೆನ್ನು. ಯಾರು ಯಾರು ಇದ್ದಾರೆಂದು ಕೇಳಿ ಫಾರ್ಮ್ ತುಂಬಿಸಬೇಕು, ಆಮೇಲೆ ಬಾಗಿಲ ಮೇಲೆ ನಂಬರ್ ಬರೆಯಬೇಕು. ಬೀಗ ಹಾಕಿದ ಮನೆಗಳಿಗೆ ಒಂದು ನಿಯಮವಿತ್ತು. ನಮ್ಮ ಮೇಲ್ವಿಚಾರಕಿ ದಕ್ಷಾಬೆನ್ ಅದನ್ನು ಮೊದಲ ದಿನವೇ ಎಲ್ಲರಿಂದ ಬಾಯಿಪಾಠ ಮಾಡಿಸಿದ್ದರು: ಮೂರು ಸಲ ಹೋಗಬೇಕು, ಮೂರು ಬೇರೆ ದಿನ, ಮೂರು ಬೇರೆ ಹೊತ್ತಿನಲ್ಲಿ. ಮೂರೂ ಸಲ ಬೀಗವಿದ್ದರೆ ಮಾತ್ರ ‘ವಾಸವಿಲ್ಲ’ ಎಂದು ಬರೆದು ಸಹಿ ಮಾಡಬೇಕು.

ಕಮುಬೆನ್ ಎಂಬಾಕೆಯ ಬಾಗಿಲಿಗೆ ನಾನು ಎರಡು ಸಲ ಹೋದೆ. ಆಕೆಯದು ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ತಲೆಯ ಮೇಲೆ ಬುಟ್ಟಿ ಹೊತ್ತು ಅಲಕಾಪುರಿಯ ಬಂಗಲೆಗಳ ಮುಂದೆ ಕೂಗುತ್ತಾ ತಿರುಗುವವಳು. ನಾಲಿಗೆ ಬಹಳ ಹರಿತ. ಹಿಂದಿನ ವರ್ಷ ನಲ್ಲಿಯ ಸಭೆಯಲ್ಲಿ ಎಲ್ಲರೆದುರು ‘ಈ ಮದ್ರಾಸಿ ಹೆಂಗಸಿಗೆ ನಮ್ಮ ಕೇರಿಯಲ್ಲಿ ಏನು ಕೆಲಸ?’ ಎಂದಿದ್ದಳು. ಗದಗ ಎಲ್ಲಿ, ಮದ್ರಾಸು ಎಲ್ಲಿ! ನನಗೆ ಅದು ಒಳಗೇ ಚುಚ್ಚಿಕೊಂಡಿತ್ತು.

ಮೂರನೆಯ ಸಲ ಹೋಗಬೇಕಾದ ದಿನ ವಿಪರೀತ ಬಿಸಿಲು. ನಾನು ನವಾವಾಸದ ರಮಿಲಾಬೆನ್ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆ. ರಮಿಲಾ ಮೊದಲಿನಿಂದಲೂ ನನ್ನ ಬಲಗೈ. ಅವಳೇ ಹೇಳಿದಳು, ‘ಕಮು ಹೊರಟುಹೋದಳು ಬೆನ್. ಇನ್ನು ಬರುವುದಿಲ್ಲವಂತೆ. ಸುಮ್ಮನೆ ಯಾಕೆ ಬಿಸಿಲಲ್ಲಿ ಹೋಗುತ್ತೀರಿ?’ ಕಮುಬೆನ್ ಮನೆ ಅಲ್ಲಿಂದ ಮೂವತ್ತು ಹೆಜ್ಜೆ ಇದ್ದೀತು. ನಾನು ಏಳಲಿಲ್ಲ. ಕೂತಲ್ಲೇ ಮೂರನೆಯ ಭೇಟಿಯ ತಾರೀಖು, ಹೊತ್ತು ಬರೆದು, ‘ವಾಸವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಎರಡು ತಿಂಗಳ ನಂತರ ಕಮುಬೆನ್ ತಿರುಗಿ ಬಂದಳು. ಮಗಳ ಹೆರಿಗೆಗೆಂದು ಸೂರತ್ತಿಗೆ ಹೋಗಿದ್ದಳಂತೆ. ಅಷ್ಟರಲ್ಲಿ ಫಾರ್ಮುಗಳು ಮೇಲಕ್ಕೆ ಹೋಗಿದ್ದವು. ಯೋಜನೆಯೂ ಎಲ್ಲೋ ನಿಂತುಹೋಯಿತು. ನಿಂತದ್ದು ಇನ್ನು ಏಳಲಾರದು ಎಂದು ನಾನು ಅದನ್ನು ಮರೆತುಬಿಟ್ಟೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಆ ಓಣಿಯಲ್ಲಿ ನಡೆಯುವಾಗ ಆಕೆಯ ಬಾಗಿಲ ಎದುರಿಗೆ ನನ್ನ ಹೆಜ್ಜೆ ಜೋರಾಗುತ್ತಿತ್ತು.

ಅದಾಗಿ ನಾಲ್ಕು ವರ್ಷಕ್ಕೆ ನಾನು ಚುನಾವಣೆಗೆ ನಿಂತು ಗೆದ್ದೆ. ನಮ್ಮಲ್ಲಿ ಒಂದು ವಾರ್ಡಿಗೆ ನಾಲ್ಕು ಜನ ಕಾರ್ಪೊರೇಟರುಗಳು, ಅವರಲ್ಲಿ ಇಬ್ಬರು ಹೆಂಗಸರು. ನಾಲ್ವರ ಪ್ಯಾನಲ್ ಮಾಡಿಕೊಂಡು ಒಟ್ಟಿಗೆ ಮತ ಕೇಳುತ್ತಾರೆ. ನಮ್ಮ ಪ್ಯಾನಲ್ಲಿನ ಮುಖಂಡ ಪ್ರವೀಣಭಾಯಿ. ಹಾರ್ಡ್‌ವೇರ್ ಅಂಗಡಿಯವರು, ಲೆಕ್ಕಾಚಾರದ ಮನುಷ್ಯ, ಕೆಟ್ಟವರಲ್ಲ. ನವಾವಾಸದ ಮತ ಬೇಕೆಂದು ನನ್ನನ್ನು ಸೇರಿಸಿಕೊಂಡರು. ಅದನ್ನು ಮುಚ್ಚಿಡಲೂ ಇಲ್ಲ.

ಮೊದಲ ಸಾಮಾನ್ಯ ಸಭೆಯಲ್ಲಿ ನಾನು ಎದ್ದು ನಿಂತು, ಬರೆದುಕೊಂಡು ಹೋಗಿದ್ದ ಎರಡು ಪುಟ ಓದುವಷ್ಟರಲ್ಲಿ ನನ್ನ ಸಮಯ ಮುಗಿದು ಮೈಕು ಬಂದ್ ಆಯಿತು. ಆಮೇಲೆ ಕಲಿತೆ: ಸಭೆಯಲ್ಲಿ ಒಂದೇ ವಿಷಯ, ಒಂದೇ ನಿಮಿಷ, ಉಳಿದದ್ದೆಲ್ಲ ಮಾರನೆಯ ದಿನ ಎಂಜಿನಿಯರರ ಕೋಣೆಯ ಹೊರಗಿನ ಬೆಂಚಿನ ಮೇಲೆ. ಆ ಬೆಂಚಿನ ಮೇಲೆ ಕೂತು ಕೂತೇ ನಿಂತುಹೋಗಿದ್ದ ಫ್ಲ್ಯಾಟಿನ ಯೋಜನೆಯನ್ನು ಮತ್ತೆ ಎಬ್ಬಿಸಿದೆ. ನಾಲ್ಕು ವರ್ಷ ಹಿಡಿಯಿತು. ಕಟ್ಟಡಗಳು ಎದ್ದವು, ಬಣ್ಣವಾಯಿತು. ಹಳೆಯ ಸಮೀಕ್ಷೆಯ ಆಧಾರದ ಮೇಲೆ ಪಟ್ಟಿ ಸಿದ್ಧವಾಯಿತು. ಯಾರಿಗೆ ಯಾವ ಫ್ಲ್ಯಾಟ್ ಎಂದು ಚೀಟಿ ಎತ್ತುವ ಡ್ರಾಗೆ ದಿನ ಗೊತ್ತಾಯಿತು. ಮುಂದಿನ ಚುನಾವಣೆ ಎದುರಿಗೇ ಇತ್ತು. ನೀತಿಸಂಹಿತೆ ಜಾರಿಯಾಗುವ ಮೊದಲು ಡ್ರಾ ಮುಗಿಯಬೇಕು ಎಂದು ಪ್ರವೀಣಭಾಯಿ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು.

ಪಟ್ಟಿಯನ್ನು ಏಳು ದಿನ ಗೋಡೆಗೆ ಹಚ್ಚಿದ್ದರು. ಮೂರನೆಯ ದಿನ ಬೆಳಿಗ್ಗೆ ಕಮುಬೆನ್ ನನ್ನ ಕಚೇರಿಗೆ ಬಂದಳು. ಬುಟ್ಟಿ ಇಳಿಸಿ ನೆಲದ ಮೇಲೆ ಇಟ್ಟು ನಿಂತೇ ಇದ್ದಳು.

‘ಬೆನ್, ನನ್ನ ಹೆಸರಿಲ್ಲ.’

‘ಸರಿಯಾಗಿ ನೋಡಿದ್ದೀರಾ?’

‘ನನಗೆ ಓದು ಬರದು. ಮೂರು ಜನರಿಂದ ಓದಿಸಿದೆ. ಆಫೀಸಿಗೂ ಹೋಗಿದ್ದೆ. ಮೂರು ಸಲ ಬಂದು ನೋಡಿದ್ದಾರೆ, ಬೀಗ ಇತ್ತು, ನೀನು ಅಲ್ಲಿರಲಿಲ್ಲ ಅನ್ನುತ್ತಾರೆ. ಬೀಗ ಇದ್ದದ್ದು ನಿಜ, ನಾನು ಸೂರತ್ತಿನಲ್ಲಿದ್ದೆ. ಆದರೆ ಹೋಗುವಾಗ ಎಡಗಡೆ ಮನೆಯ ಸವಿತಾಗೆ ಹೇಳಿ ಹೋಗಿದ್ದೆ, ಯಾರಾದರೂ ಸರ್ಕಾರದವರು ಬಂದರೆ ನನ್ನ ರೇಷನ್ ಕಾರ್ಡ್ ತೋರಿಸು ಅಂತ. ಅವಳು ಹಗಲೆಲ್ಲ ಫ್ಯಾಕ್ಟರಿಯಲ್ಲಿ, ಸಂಜೆ ಬರುವವಳು. ಸಂಜೆ ಹೊತ್ತು ಯಾರೂ ಬರಲೇ ಇಲ್ಲ ಅನ್ನುತ್ತಾಳೆ.’

ಮೊದಲೆರಡು ಭೇಟಿ ಹಗಲಿನವಾದ್ದರಿಂದ ನಾನು ಫಾರ್ಮಿನಲ್ಲಿ ಬರೆದಿದ್ದ ಮೂರನೆಯ ಭೇಟಿಯ ಹೊತ್ತು ಸಂಜೆ ಆರು ಗಂಟೆ. ಅದು ನನಗೆ ಆ ಕ್ಷಣಕ್ಕೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

‘ಸಹಿ ಯಾರದಂತೆ?’ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

‘ಅದನ್ನು ಹೇಳಲಿಲ್ಲ. ನಿಮಗೆ ಗೊತ್ತಾಗುತ್ತದೆಯೇನೋ ಎಂದು ಬಂದೆ.’

ನೋಡುತ್ತೇನೆ ಎಂದೆ. ಐದು ವರ್ಷಗಳಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದೆನೋ.

ಅದೇ ದಿನ ವಸತಿ ವಿಭಾಗದ ಅಧಿಕಾರಿ ಮೇಡಂ ಹತ್ತಿರ ಹೋದೆ. ಹೆಸರು ಹೇಳದೆ, ಹೀಗೊಂದು ಪ್ರಕರಣವಿದೆ, ಏನು ದಾರಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ‘ಕಾಗದದ ಮೇಲೆ ಮೂರು ಭೇಟಿ ಇದ್ದರೆ ನಾನೇನು ಮಾಡಲಿ? ಸಮೀಕ್ಷೆ ಮಾಡಿದವರೇ ಭೇಟಿ ಆಗಿರಲಿಲ್ಲ ಎಂದು ಬರೆದುಕೊಟ್ಟರೆ ಮಾತ್ರ ಸೇರಿಸಬಹುದು. ಆದರೆ ಹಾಗೆ ಬರೆದುಕೊಟ್ಟರೆ ಅವರು ಮಾಡಿದ ಎಲ್ಲ ಫಾರ್ಮುಗಳನ್ನೂ ನಾನು ಮತ್ತೆ ಪರಿಶೀಲಿಸಬೇಕಾಗುತ್ತದೆ. ಡ್ರಾ ನಿಲ್ಲುತ್ತದೆ.’ ಆಮೇಲೆ ನನ್ನ ಮುಖ ನೋಡಿ, ‘ಅರ್ಧ ನವಾವಾಸ ನೀವೇ ಮಾಡಿದ್ದಲ್ಲವೇ ಗಿರಿಜಾಬೆನ್?’ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಅವರು ಕನ್ನಡಕ ಹಾಕಿಕೊಂಡು ಕಡತ ತೆರೆದರು.

ಉಳಿದದ್ದು ನಾಲ್ಕು ದಿನ. ಪ್ರವೀಣಭಾಯಿಗೆ ವಿಷಯ ಹೇಳಿದಾಗ ಅವರು ಅಂಗಡಿಯ ಶಟರ್ ಅರ್ಧ ಎಳೆದು ನನ್ನನ್ನು ಒಳಗೆ ಕೂರಿಸಿದರು.

‘ಒಬ್ಬಳ ಸಲುವಾಗಿ ನೂರೈವತ್ತು ಕುಟುಂಬ ನಿಲ್ಲಿಸುತ್ತೀರಾ? ಅವರಲ್ಲಿ ಕೆಲವರು ಗೃಹಪ್ರವೇಶದ ಪೂಜೆಯ ದಿನವನ್ನೂ ನೋಡಿಸಿಟ್ಟಿದ್ದಾರೆ. ಗೆದ್ದ ಮೇಲೆ ಕಮುಬೆನ್‌ಗೆ ಬೇರೆ ಯೋಜನೆಯಲ್ಲಿ ಮನೆ ಕೊಡಿಸೋಣ. ನಾನು ಮಾತು ಕೊಡುತ್ತೇನೆ.’

‘ಗೆಲ್ಲದಿದ್ದರೆ?’

‘ಈ ಮಾತು ಹೊರಗೆ ಹೋದರೆ ಖಂಡಿತ ಗೆಲ್ಲುವುದಿಲ್ಲ. ಗಿರಿಜಾಬೆನ್, ನೀವು ಈ ವಾರ್ಡಿಗೆ ಬೇಕು. ಇನ್ನೂ ಐದು ವರ್ಷ ಇದ್ದರೆ ಎಷ್ಟು ಜನರಿಗೆ ಒಳ್ಳೆಯದು ಮಾಡುತ್ತೀರಿ, ಯೋಚಿಸಿ.’

ಹೊಸದಾಗಿ ಬರುತ್ತಿರುವ ನಿಮಗೆ ಇದನ್ನು ಮುಖ್ಯವಾಗಿ ಹೇಳಬೇಕು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ನೂರೈವತ್ತು ಕುಟುಂಬ ಎಂಬುದು ಸುಳ್ಳಲ್ಲ. ಅವರ ಸೂರು ಮಳೆಗಾಲದಲ್ಲಿ ಸೋರುವುದನ್ನು ನಾನೇ ಕಂಡಿದ್ದೆ. ಎರಡು ದಿನ ಅವರು ಹೇಳಿದ ಹಾಗೆಯೇ ಮಾಡುವುದೆಂದು ತೀರ್ಮಾನಿಸಿ ಕರಪತ್ರ ಹಿಡಿದು ಮನೆ ಮನೆ ತಿರುಗಿದೆ. ಅಲಕಾಪುರಿಯ ಕಡೆ ಒಂದು ಕೆಲಸಕ್ಕೆ ಹೋದಾಗ ರಸ್ತೆಯ ಆಚೆ ಬದಿಯಲ್ಲಿ ಕಮುಬೆನ್ ಬುಟ್ಟಿ ಹೊತ್ತು ಹೋಗುತ್ತಿದ್ದಳು. ನಾನು ಆಟೋದೊಳಗೆ ತಲೆ ಬಗ್ಗಿಸಿದೆ. ಕಾರ್ಪೊರೇಟರ್ ಆದವಳು, ತನ್ನ ವಾರ್ಡಿನ ಒಬ್ಬ ಹೆಂಗಸಿಗೆ ಕಾಣದ ಹಾಗೆ.

ಮಾರನೆಯ ದಿನ ಬೆಳಿಗ್ಗೆ ನಮ್ಮವರು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ಆಗಲೇ ರಿಟೈರ್ ಆಗಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರು ಪೇಪರ್ ಮಡಿಚಿದರು.

‘ಮೂರನೇ ಸಲ ಖರೇನ ಹೋಗಿದ್ದಿಲ್ಲೇನು?’

‘ಇಲ್ಲರೀ.’

‘ಯಾಕ?’

‘ಬಿಸಲು ಇತ್ತು. ಮತ್ತ... ಆಕಿ ನನಗ ಮದ್ರಾಸಿ ಅಂದಿದ್ದಳು.’

ಆ ಎರಡನೆಯ ಕಾರಣವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನಗೇ ಕೇಳಲು ಆಗಲಿಲ್ಲ.

‘ಸಿಗ್ನಲ್ ನೋಡದ ನೋಡೇನಿ ಅಂತ ನಾ ಬುಕ್ಕಿನ್ಯಾಗ ಬರೆದಿದ್ರ, ನೀ ನನ್ನ ಜೋಡಿ ಸಂಸಾರ ಮಾಡ್ತಿದ್ದೇನು?’ ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೇ ಕೇಳಿದ ಹಾಗೆ. ಆಮೇಲೆ, ‘ಎದ್ದು ನಾಷ್ಟಾ ಮಾಡು. ಖಾಲಿ ಹೊಟ್ಟಿಲೆ ಹೋಗಬ್ಯಾಡ’ ಎಂದರು. ಎಲ್ಲಿಗೆ ಹೋಗಬೇಕೆಂದು ನಾನಿನ್ನೂ ಹೇಳಿರಲಿಲ್ಲ.

ಮೊದಲು ಹೋದದ್ದು ಆಫೀಸಿಗಲ್ಲ, ನವಾವಾಸಕ್ಕೆ. ಯಾರೋ ಹೇಳಿ ಅವರಿಗೆ ಗೊತ್ತಾಗುವ ಮೊದಲು ನಾನೇ ಹೇಳಬೇಕೆಂದಿತ್ತು. ಬೇವಿನ ಮರದ ಕೆಳಗೆ ಜನ ಸೇರಿದರು. ಪ್ರಚಾರದ ಸಭೆಯೆಂದುಕೊಂಡು ಹೂಮಾಲೆಯನ್ನೂ ತಂದಿದ್ದರು. ನಾನು ಮಾಲೆ ಹಾಕಿಸಿಕೊಳ್ಳಲಿಲ್ಲ. ಕಮುಬೆನ್ ಹಿಂದೆ ನಿಂತಿದ್ದಳು. ಅವಳನ್ನು ನೋಡುತ್ತಲೇ ಹೇಳಿದೆ: ನಾನು ಎರಡು ಸಲ ಬಂದೆ, ಮೂರನೆಯ ಸಲ ಬರಲಿಲ್ಲ, ಬಂದೆನೆಂದು ಸುಳ್ಳು ಬರೆದೆ. ಅದರಿಂದ ಈಕೆಯ ಮನೆ ಹೋಗಿದೆ. ಇವತ್ತು ಹೋಗಿ ನಿಜ ಬರೆದುಕೊಡುತ್ತೇನೆ. ನಿಮ್ಮ ಡ್ರಾ ನಿಲ್ಲುತ್ತದೆ. ಎಷ್ಟು ದಿನ ಎಂದು ಗೊತ್ತಿಲ್ಲ.

ಮೊದಲು ದನಿ ಎತ್ತಿದವಳು ರಮಿಲಾ.

‘ಯಾರನ್ನು ಕೇಳಿ ಬರೆದುಕೊಡುತ್ತೀರಿ? ಹದಿನೈದು ವರ್ಷ ನಿಮ್ಮ ಹಿಂದೆ ನಡೆದೆ. ನನ್ನ ಸೊಸೆ ಏಳು ತಿಂಗಳ ಬಸುರಿ. ಈ ಮಳೆಗಾಲಕ್ಕೆ ಫ್ಲ್ಯಾಟಿನಲ್ಲಿರುತ್ತೇವೆ ಎಂದು ನೀವೇ ಹೇಳಿದ್ದಿರಿ. ನಿಮ್ಮ ಮನಸ್ಸು ಹಗುರ ಆಗಬೇಕು ಅಂತ ನಾವು ನೀರಿನಲ್ಲಿ ಮಲಗಬೇಕಾ?’

‘ರಮಿಲಾ, ಗುಡಿಸಲು ಕೆಡವಿದ ಮೇಲೆ ಅವಳಿಗೆ ಮಲಗಲು ಜಾಗವೇ ಇರುವುದಿಲ್ಲವಲ್ಲ.’

‘ಅದನ್ನು ಆವತ್ತು ನನ್ನ ಮನೆಯ ಚಹಾ ಕುಡಿಯುವಾಗ ಯೋಚಿಸಬೇಕಿತ್ತು!’

ಎಷ್ಟೋ ಜನ ಒಟ್ಟಿಗೆ ಕೂಗತೊಡಗಿದರು. ಒಬ್ಬ ನನ್ನ ದಾರಿಗೆ ಅಡ್ಡ ನಿಂತು, ಆಫೀಸಿಗೆ ಹೇಗೆ ಹೋಗುತ್ತೀರೋ ನೋಡುತ್ತೇನೆ ಎಂದ. ಯಾರದೋ ಕೈ ನನ್ನ ಚೀಲಕ್ಕೆ ಬಿತ್ತು, ಅದರ ಹಿಡಿಕೆ ಹರಿಯಿತು. ಹದಿನಾರು ವರ್ಷ ಒಡನಾಡಿದ ಕೇರಿಯಲ್ಲಿ ಮೊದಲ ಸಲ ನನಗೆ ಹೆದರಿಕೆಯಾಯಿತು. ಆಗ ಕಮುಬೆನ್ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ನನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ. ‘ಜಾಗ ಬಿಡಿ. ನನ್ನ ಮನೆಯ ಕೆಲಸಕ್ಕೆ ಹೋಗುತ್ತಿದ್ದಾಳೆ’ ಎಂದಷ್ಟೇ ಹೇಳಿ ನನ್ನ ಮೊಣಕೈ ಹಿಡಿದು ರಸ್ತೆಯ ತನಕ ಎಳೆದುಕೊಂಡು ಬಂದಳು. ಆಟೋ ಹತ್ತಿಸಿ ತಿರುಗಿ ನೋಡದೆ ಹೋದಳು.

ಅಧಿಕಾರಿ ಮೇಡಂ ನನ್ನ ಹೇಳಿಕೆಯನ್ನು ಎರಡು ಸಲ ಓದಿದರು. ‘ಇದನ್ನು ತೆಗೆದುಕೊಂಡ ಮೇಲೆ ವಾಪಸ್ ಕೊಡಲು ಬರುವುದಿಲ್ಲ’ ಎಂದರು. ಗೊತ್ತಿದೆ ಎಂದೆ. ಡ್ರಾ ಮುಂದೂಡಿದ ನೋಟಿಸು ಆ ಸಂಜೆಯೇ ಗೋಡೆಗೆ ಬಂತು.

ಪ್ರಚಾರದ ಉಳಿದ ದಿನಗಳು ಹೇಗಿದ್ದವೆಂದು ವಿವರಿಸಿ ಪ್ರಯೋಜನವಿಲ್ಲ. ಎದುರು ಪಕ್ಷದವರು ನನ್ನ ಹೇಳಿಕೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಂಚಿದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಸುಳ್ಳುಗಾತಿ’ ಎಂದು ಗುಜರಾತಿಯಲ್ಲಿ ಬರೆದಿತ್ತು. ಬರೆದದ್ದು ಸುಳ್ಳಾಗಿರಲಿಲ್ಲವಾದ್ದರಿಂದ ನಾನು ಉತ್ತರ ಕೊಡಲಿಲ್ಲ. ಪ್ರವೀಣಭಾಯಿ ಹೊಸ ಕರಪತ್ರ ಅಚ್ಚು ಹಾಕಿಸಿದರು. ಅದರಲ್ಲಿ ನನ್ನ ಫೋಟೊ ಮೊದಲಿಗಿಂತ ಚಿಕ್ಕದಾಗಿತ್ತು. ನಾನಾಗಿಯೇ ಹಿಂದೆ ಸರಿಯುತ್ತೇನೆ ಎಂದರೆ, ನಾಮಪತ್ರ ವಾಪಸಿನ ದಿನ ದಾಟಿದೆ ಎಂದರು.

ಎಣಿಕೆಯ ದಿನ ನಾನೇ ಹೋಗಿ ಕೂತೆ. ಒಂದೊಂದು ಸುತ್ತಿಗೂ ನಮ್ಮ ಪ್ಯಾನಲ್ಲಿನ ಮೂವರು ಒಟ್ಟಿಗೆ ಮೇಲಕ್ಕೆ ಹೋಗುತ್ತಿದ್ದರು, ನಾನು ಅವರಿಗಿಂತ ಸ್ವಲ್ಪ ಕೆಳಗೆ. ನವಾವಾಸದ ಯಂತ್ರ ತೆರೆದಾಗ ಉಳಿದ ಮೂವರಿಗೆ ರಾಶಿ ಮತ ಬಿದ್ದಿತ್ತು. ನನ್ನ ಹೆಸರಿನ ಮುಂದೆ ಇದ್ದದ್ದು ಹದಿನೇಳು. ನಾಲ್ಕು ಗುಂಡಿಗಳಲ್ಲಿ ಮೂರನ್ನು ಒತ್ತಿ, ನಾಲ್ಕನೆಯದನ್ನು ಬೇಕೆಂದೇ ಬಿಟ್ಟಿದ್ದರು. ಮೂವರು ಗೆದ್ದರು. ನಾನು ಸೋತೆ. ಹೊರಗೆ ಗುಲಾಲು ಎರಚುವಾಗ ಪ್ರವೀಣಭಾಯಿ ನನ್ನನ್ನು ಕಂಡು ಬಂದು ಕೈಮುಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ನನಗಾಗಿಯೋ ಗೆಲುವಿಗಾಗಿಯೋ ಹೇಳಲಾರೆ.

ಮರುಪರಿಶೀಲನೆಗೆ ಐದು ತಿಂಗಳಾಯಿತು. ಆ ಮಳೆಗಾಲವನ್ನು ನವಾವಾಸದವರು ಸೋರುವ ಸೂರಿನ ಕೆಳಗೇ ಕಳೆದರು. ರಮಿಲಾಳ ಮೊಮ್ಮಗ ಅಲ್ಲಿಯೇ ಹುಟ್ಟಿದ. ನೋಡಲು ಹೋದರೆ ಬಾಗಿಲು ತೆರೆಯಲಿಲ್ಲ. ಅದು ಈಗಲೂ ಸರಿಹೋಗಿಲ್ಲ. ಸತ್ಯ ಹೇಳಿದ್ದಕ್ಕೆ ಎಲ್ಲರೂ ಮೆಚ್ಚುತ್ತಾರೆಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ನನ್ನ ಸುಳ್ಳಿನ ದಂಡವನ್ನು ನಾನೊಬ್ಬಳೇ ತೆರಲಿಲ್ಲ.

ಪರಿಶೀಲನೆಯಲ್ಲಿ ನಾನು ಸಹಿ ಮಾಡಿದ್ದ ‘ವಾಸವಿಲ್ಲ’ ಫಾರ್ಮುಗಳು ಒಟ್ಟು ಒಂಬತ್ತು ಸಿಕ್ಕವು. ಏಳು ಸರಿಯಾಗಿದ್ದವು. ಕಮುಬೆನ್‌ಳದು ತಿದ್ದುಪಡಿಯಾಯಿತು. ಇನ್ನೊಂದು ಭೀಖಾಭಾಯಿ ಎಂಬಾತನದು. ಕೊಡೆ ರಿಪೇರಿ ಮಾಡುತ್ತಿದ್ದ ಒಂಟಿ ಮುದುಕನಂತೆ. ಆ ದಿನಗಳಲ್ಲಿ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದ, ತಿರುಗಿ ಬಂದಾಗ ಅಕ್ಕಪಕ್ಕದ ಬಾಗಿಲುಗಳಿಗೆ ನಂಬರಿದ್ದು ತನ್ನದಕ್ಕೆ ಇಲ್ಲದ್ದನ್ನು ಕಂಡು, ಕೆಲವು ವಾರ ಇದ್ದು ಎಲ್ಲಿಗೋ ಹೊರಟುಹೋದ ಎಂದು ನೆರೆಯವರು ಹೇಳಿದರು. ಅವನ ಫಾರ್ಮನ್ನು ಮೇಡಂ ನನ್ನ ಮುಂದಿಟ್ಟು, ‘ಇದರಲ್ಲಿ ಮೂರನೆಯ ಭೇಟಿ ನಿಜವೋ?’ ಎಂದು ಕೇಳಿದರು. ನಾನು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಒಂದು ಸಲ ಸುಳ್ಳು ಬರೆದವಳಿಗೆ ತನ್ನ ನಿಜವೂ ಗುರುತು ಸಿಗುವುದಿಲ್ಲ. ‘ನೆನಪಿಲ್ಲ’ ಎಂದು ಬರೆದುಕೊಟ್ಟೆ. ಮನುಷ್ಯ ಸಿಕ್ಕರೆ ಮನೆ ಕೊಡಬಹುದು ಎಂದು ಮೇಡಂ ಒಂದು ವರ್ಷ ಜಾಗ ಕಾದಿರಿಸಿದರು.

ಡ್ರಾ ನಡೆದದ್ದು ಶಾಲೆಯೊಂದರ ಸಭಾಂಗಣದಲ್ಲಿ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಕಮುಬೆನ್‌ಳ ಚೀಟಿಗೆ ಮೂರನೆಯ ಮಹಡಿ ಬಂತು. ಮುಗಿದ ಮೇಲೆ ಅವಳು ನೇರ ನನ್ನ ಬಳಿಗೆ ಬಂದಳು.

‘ಮೂರನೇ ಮಹಡಿ! ಬುಟ್ಟಿ ಹೊತ್ತು ಹತ್ತಬೇಕು. ನನ್ನ ಮೊಣಕಾಲು ನೋಡಿದ್ದೀರಾ?’

‘ಅದಲುಬದಲಿಗೆ ಅರ್ಜಿ ಕೊಡಬಹುದು. ಬರೆದುಕೊಡುತ್ತೇನೆ.’

‘ಬೇಡ. ಮೇಲೆ ಗಾಳಿ ಚೆನ್ನಾಗಿರುತ್ತದಂತೆ.’ ಚೀಟಿಯನ್ನು ಕೈಯಲ್ಲಿ ತಿರುಗಿಸುತ್ತಾ, ‘ನಾನು ನಿಮಗೆ ವೋಟು ಹಾಕಲಿಲ್ಲ’ ಎಂದಳು.

‘ಪರವಾಗಿಲ್ಲ.’

‘ಹಾಕಬೇಕೆಂದು ಅನ್ನಿಸಲಿಲ್ಲ. ನನ್ನ ಮನೆ ಕಳೆದವರು ನೀವೇ ತಾನೆ.’ ಚೀಟಿಯನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು. ‘ಭೀಖಾಭಾಯಿಯನ್ನು ಹುಡುಕುತ್ತಿದ್ದೀರಂತೆ. ಸಿಕ್ಕನೇ?’

ಸಿಕ್ಕಿಲ್ಲ ಎಂದೆ. ಆಸ್ಪತ್ರೆ, ಧರ್ಮಶಾಲೆ, ರೈಲು ನಿಲ್ದಾಣ ಎಲ್ಲ ಕಡೆ ಕೇಳಿದ್ದೇನೆ ಎಂದೆ.

‘ಅವನ ಮುಖ ಹೇಗಿದೆ ಗೊತ್ತಾ ನಿಮಗೆ?’

ಗೊತ್ತಿರಲಿಲ್ಲ. ನಾನು ಅವನ ಬೀಗವನ್ನಷ್ಟೇ ನೋಡಿದ್ದೆ, ಅದೂ ಎಷ್ಟು ಸಲವೋ.

‘ನನಗೆ ಗೊತ್ತು’ ಎಂದಳು ಕಮುಬೆನ್. ‘ಕೊಡೆ ರಿಪೇರಿಯವರು ಎಲ್ಲೆಲ್ಲಿ ಕೂರುತ್ತಾರೆಂಬುದೂ ಗೊತ್ತು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಗಟ್ಟಿ ಚಪ್ಪಲಿ ಹಾಕಿಕೊಳ್ಳಿ. ನಾನು ಆಟೋ ಹತ್ತುವವಳಲ್ಲ.’

ಮಂಗಳವಾರ ನಾನು ಏಳಕ್ಕೆ ಹತ್ತು ನಿಮಿಷ ಮೊದಲೇ ಅವಳ ಬಾಗಿಲಿಗೆ ಹೋಗಿ ನಿಂತೆ. ಒಳಗಿನಿಂದ ಪಾತ್ರೆಗಳನ್ನು ಬುಟ್ಟಿಗೆ ಜೋಡಿಸುವ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಿದೆ.